ಮೂಳೆ ಸಾಧನಗಳ ವಿನ್ಯಾಸ, ಪರೀಕ್ಷೆ ಮತ್ತು ಇಂಟರ್ನ್‌ಶಿಪ್: ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿ ನಾನು ಬೆಂಗಳೂರಿನ ಹೊರವಲಯದ ಒಂದು ಇಂಪ್ಲಾಂಟ್ ತಯಾರಿಕಾ ಸಂಸ್ಥೆಗೆ ಇಂಟರ್ನ್ ಆಗಿ ಸೇರಿದೆ. ಮುರಿದ ಮೂಳೆಗೆ ಕೂರಿಸುವ ಪ್ಲೇಟು, ಸ್ಕ್ರೂಗಳನ್ನು ಅಳೆಯುವುದು, ಬಾಗಿಸುವುದು, ಮುರಿಯುವುದು ಅಲ್ಲಿ ನನ್ನ ಕೆಲಸವಾಗಿತ್ತು. ಮುಂದೆ ಅದೇ ಕ್ಷೇತ್ರದಲ್ಲಿ ನೌಕರಿಗೂ ನಿಂತೆ. ಕಾಲೇಜುಗಳಿಗೆ ಹೋದಾಗ ವಿದ್ಯಾರ್ಥಿಗಳು ಎದುರಿಗೇ ಕೇಳಿದ ಮತ್ತು ಆಮೇಲೆ ಪತ್ರ ಬರೆದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಆದಷ್ಟೂ ಅವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುಲಭದವು ಮೊದಲು ಬರುತ್ತವೆ, ಲೆಕ್ಕಾಚಾರ ಬೇಡುವವು ಆಮೇಲೆ.

ಸೇರುವ ಮುನ್ನ

ಮೂಳೆ ಸಾಧನ ಅಂದರೆ ರಾಡು, ಪ್ಲೇಟು ಅಷ್ಟೇನಾ ಮೇಡಂ?

ಊರಿನಲ್ಲಿ ಯಾರಾದರೂ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರೆ "ರಾಡ್ ಹಾಕಿದ್ದಾರೆ" ಎನ್ನುವುದು ರೂಢಿ. ಆ ಒಂದು ಮಾತಿನಲ್ಲಿ ಹಲವು ಬಗೆಯ ಸಾಧನಗಳು ಅಡಗಿವೆ. ತೊಡೆಮೂಳೆಯ ಪೊಳ್ಳಿನೊಳಗೆ ಇಳಿಸುವ ಉದ್ದನೆಯ ನೇಲ್, ಮೂಳೆಯ ಮೇಲ್ಮೈಗೆ ಕೂರಿಸುವ ಪ್ಲೇಟು, ಅದನ್ನು ಹಿಡಿದಿಡುವ ಸ್ಕ್ರೂಗಳು, ಚರ್ಮದ ಹೊರಗೆ ನಿಲ್ಲುವ ಎಕ್ಸ್‌ಟರ್ನಲ್ ಫಿಕ್ಸೇಟರ್ ಇವೆಲ್ಲ ಮೂಳೆ ಕೂಡಿಕೊಳ್ಳುವವರೆಗೆ ಆಸರೆ ಕೊಡುವಂಥವು. ಸವೆದುಹೋದ ಸೊಂಟ, ಮಂಡಿ ಅಥವಾ ಭುಜದ ಕೀಲಿನ ಜಾಗದಲ್ಲಿ ಕೂರಿಸುವ ಕೃತಕ ಕೀಲುಗಳು ರೋಗಿಯ ಜೊತೆ ಜೀವನಪೂರ್ತಿ ಇರಬೇಕಾದವು. ಬೆನ್ನುಮೂಳೆಗೆ ಹಾಕುವ ಸ್ಕ್ರೂ, ರಾಡು ಮತ್ತು ಕೇಜ್‌ಗಳದ್ದು ಇನ್ನೊಂದು ಲೋಕ. ಇವುಗಳ ಜೊತೆಗೆ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಕೈಯಲ್ಲಿ ಹಿಡಿಯುವ ಡ್ರಿಲ್ ಗೈಡ್, ಸ್ಕ್ರೂಡ್ರೈವರ್, ಅಳತೆಯ ಗೇಜ್‌ಗಳಿವೆ. ಇಂಟರ್ನ್‌ಗಳ ಕೈಗೆ ವಿನ್ಯಾಸದ ಕೆಲಸ ಮೊದಲು ಸಿಗುವುದು ಬಹುಪಾಲು ಈ ಉಪಕರಣಗಳಲ್ಲೇ. ಅದನ್ನು ಕೀಳೆಂದು ಎಣಿಸಬೇಡಿ, ಏಕೆಂದರೆ ಗೈಡ್ ಸರಿಯಾಗಿ ಕೂರದಿದ್ದರೆ ಎಷ್ಟೇ ಒಳ್ಳೆಯ ಪ್ಲೇಟಿನಲ್ಲೂ ಸ್ಕ್ರೂ ಓರೆಯಾಗಿ ಇಳಿಯುತ್ತದೆ.

ನಾನು ಮೆಕ್ಯಾನಿಕಲ್ ವಿದ್ಯಾರ್ಥಿ, ಬಯಾಲಜಿಯನ್ನು ಹತ್ತನೇ ತರಗತಿಗೇ ಬಿಟ್ಟಿದ್ದೇನೆ. ನನ್ನನ್ನು ತೆಗೆದುಕೊಳ್ಳುತ್ತಾರಾ?

ತೆಗೆದುಕೊಳ್ಳುತ್ತಾರೆ. ಈ ಕೆಲಸದ ಬುನಾದಿ ವಸ್ತುಗಳ ಬಲವಿಜ್ಞಾನ, ಯಂತ್ರಾಂಗಗಳ ವಿನ್ಯಾಸ, ಲೋಹಶಾಸ್ತ್ರ ಮತ್ತು ಡ್ರಾಯಿಂಗ್. ಇವೆಲ್ಲ ನಿಮ್ಮ ಮೂರನೇ ಮತ್ತು ಐದನೇ ಸೆಮಿಸ್ಟರ್‌ಗಳಲ್ಲಿ ಬಂದುಹೋಗಿರುತ್ತವೆ. ಬಯೋಮೆಡಿಕಲ್ ವಿದ್ಯಾರ್ಥಿಗಳಿಗೆ ಶರೀರರಚನೆಯ ಪರಿಚಯ ಮೊದಲೇ ಇರುವುದು ಅನುಕೂಲವೇ ಸರಿ. ಆದರೆ ಒಂದು ತಿಂಗಳು ಮನಸ್ಸಿಟ್ಟು ಓದಿದರೆ ತೊಡೆಮೂಳೆ, ಕಣಕಾಲು ಮೂಳೆ ಮತ್ತು ಮುಂಗೈ ಮೂಳೆಗಳ ರಚನೆ ಹಾಗೂ ಅವುಗಳನ್ನು ಎಳೆಯುವ ಮುಖ್ಯ ಸ್ನಾಯುಗಳ ಹೆಸರು ಬಾಯಿಗೆ ಬರುತ್ತವೆ. ನನ್ನ ಸಂದರ್ಶನದಲ್ಲಿ ಶರೀರದ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಒಂದು ಪ್ಲೇಟನ್ನು ಕೈಗಿತ್ತು, ಇದು ಬಾಗಿದಾಗ ಎಲ್ಲಿ ಮೊದಲು ಬಿರುಕು ಬಿಡುತ್ತದೆ, ಏಕೆ ಎಂದು ಕೇಳಿದರು. ತೂತಿನ ಅಂಚನ್ನು ತೋರಿಸಿ ಕಾರಣ ಹೇಳಿದೆ, ಅಷ್ಟು ಸಾಕಾಯಿತು.

ಇಂಥ ಇಂಟರ್ನ್‌ಶಿಪ್ ಎಲ್ಲಿ ಸಿಗುತ್ತದೆ?

ಬೆಂಗಳೂರಿನಲ್ಲಿ ತಯಾರಕರೂ ಇದ್ದಾರೆ, ವಿದೇಶಿ ಕಂಪನಿಗಳಿಗೆ ವಿನ್ಯಾಸ ಮಾಡಿಕೊಡುವ ಎಂಜಿನಿಯರಿಂಗ್ ಸೇವಾ ಸಂಸ್ಥೆಗಳೂ ಇವೆ. ಕರ್ನಾಟಕದ ಹೊರಗೆ ಗುಜರಾತಿನ ಅಹಮದಾಬಾದ್, ರಾಜಕೋಟ್ ಸುತ್ತ ಇಂಪ್ಲಾಂಟ್ ತಯಾರಿಕೆ ದಟ್ಟವಾಗಿದೆ. ವಿಶಾಖಪಟ್ಟಣದ ಮೆಡ್‌ಟೆಕ್ ವಲಯದಲ್ಲಿ ಪರೀಕ್ಷಾ ಸೌಲಭ್ಯಗಳಿವೆ. ಸಂಶೋಧನೆಯ ಕಡೆ ಒಲವಿರುವವರು ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಪ್ರಾಧ್ಯಾಪಕರಿಗೆ ನೇರವಾಗಿ ಬರೆಯಬಹುದು. ಸೇವಾ ಸಂಸ್ಥೆಗಳಲ್ಲಿ ಕಂಪ್ಯೂಟರ್ ಮುಂದಿನ ಕೆಲಸವೇ ಹೆಚ್ಚು. ಲೋಹವನ್ನು ಕೈಯಲ್ಲಿ ಮುಟ್ಟಬೇಕೆಂದರೆ ತಯಾರಕರ ಬಳಿಗೇ ಹೋಗಬೇಕು, ನನ್ನ ಸಲಹೆಯೂ ಅದೇ.

ಮೊದಲ ತಿಂಗಳು ಬರೀ ಅಳತೆ, ಬರೀ ಫೈಲು. ನಿಜವಾದ ಕೆಲಸ ಯಾವಾಗ ಕೊಡುತ್ತಾರೆ?

ಅದೇ ನಿಜವಾದ ಕೆಲಸ ಎಂದರೆ ನಿಮಗೆ ಬೇಸರವಾಗಬಹುದು, ನನಗೂ ಆಗಿತ್ತು. ಮೊದಲ ವಾರ ನನ್ನ ಮುಂದೆ ಅರವತ್ತು ಸ್ಕ್ರೂಗಳ ಒಂದು ಟ್ರೇ ಇಟ್ಟರು. ಪ್ರತಿಯೊಂದರ ಹೊರವ್ಯಾಸ, ಒಳತಿರುಳಿನ ವ್ಯಾಸ, ಮರೆಯ (ಸುತ್ತಿಕೊಂಡ ಥ್ರೆಡ್‌ನ) ಅಂತರ ಮತ್ತು ತಲೆಯ ಗುಳಿಯ ಆಳವನ್ನು ನೆರಳನ್ನು ದೊಡ್ಡದಾಗಿಸಿ ತೋರಿಸುವ ಪ್ರೊಫೈಲ್ ಪ್ರೊಜೆಕ್ಟರ್‌ನಲ್ಲಿ ನೋಡಿ ಬರೆಯಬೇಕಿತ್ತು. ನಲವತ್ತನೆಯ ಸ್ಕ್ರೂವಿನ ಹೊತ್ತಿಗೆ ಮರೆಯ ಅಂಚಿನಲ್ಲಿ ಉಳಿದ ಕೂದಲೆಳೆಯಷ್ಟು ಬರ್, ಅಂದರೆ ಕತ್ತರಿಸಿದಾಗ ಉಳಿದ ಲೋಹದ ಮುಳ್ಳು, ನನ್ನ ಕಣ್ಣಿಗೆ ತಾನಾಗಿಯೇ ಬೀಳತೊಡಗಿತು. ಆ ಕಣ್ಣು ಬರುವವರೆಗೆ ಯಾರೂ ನಿಮಗೆ ಪರೀಕ್ಷಾ ಯಂತ್ರ ಕೊಡುವುದಿಲ್ಲ, ಕೊಡಲೂಬಾರದು.

ವಿನ್ಯಾಸದ ಪ್ರಶ್ನೆಗಳು

ಸ್ಟೀಲ್ ಒಳ್ಳೆಯದಾ, ಟೈಟಾನಿಯಂ ಒಳ್ಳೆಯದಾ?

ಯಾವ ಮೂಳೆಗೆ, ಎಷ್ಟು ಕಾಲಕ್ಕೆ ಎಂದು ತಿಳಿಯದೆ ಇದಕ್ಕೆ ಉತ್ತರವಿಲ್ಲ. 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಬಿಗುಪು, ಅಂದರೆ ಬಾಗದೆ ತಡೆಯುವ ಗುಣ, ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಗಟ್ಟಿ ಮೂಳೆಯದ್ದು ಹತ್ತಿರಹತ್ತಿರ 15ರಿಂದ 20. ಹೀಗಾಗಿ ಟೈಟಾನಿಯಂ ಮೂಳೆಗೆ ಒಂದಿಷ್ಟು ಹತ್ತಿರದ್ದು, ದೇಹದ ದ್ರವದಲ್ಲಿ ತುಕ್ಕನ್ನೂ ಚೆನ್ನಾಗಿ ತಡೆಯುತ್ತದೆ. ಇಂಪ್ಲಾಂಟ್ ದರ್ಜೆಯ ಸ್ಟೀಲಿನಲ್ಲಿ ಶೇ. 13ರಿಂದ 15ರಷ್ಟು ನಿಕ್ಕಲ್ ಇರುವುದರಿಂದ ನಿಕ್ಕಲ್ ಅಲರ್ಜಿ ಇರುವವರ ವಿಷಯದಲ್ಲಿ ಎಚ್ಚರ ಬೇಕು. ಇನ್ನೊಂದು ಕಡೆ, ಸ್ಟೀಲ್ ಅಗ್ಗ. ಶಸ್ತ್ರಚಿಕಿತ್ಸೆಯ ನಡುವೆ ವೈದ್ಯರು ಅದನ್ನು ಮೂಳೆಯ ಆಕಾರಕ್ಕೆ ಬಗ್ಗಿಸಿದರೆ ಹೇಳಿದ ಮಾತು ಕೇಳುತ್ತದೆ. ಟೈಟಾನಿಯಂ ಗೀರು, ಕಚ್ಚುಗಳನ್ನು ಸಹಿಸುವುದಿಲ್ಲ. ಬಗ್ಗಿಸುವ ಇಕ್ಕಳದ ಗುರುತೇ ಮುಂದೆ ಬಿರುಕಿನ ಮೂಲವಾಗಬಲ್ಲದು. ಟೈಟಾನಿಯಂ ಪ್ಲೇಟಿಗೆ ಟೈಟಾನಿಯಂ ಲಾಕಿಂಗ್ ಸ್ಕ್ರೂ ಅತಿಯಾಗಿ ಬಿಗಿದರೆ ಎರಡೂ ಕಚ್ಚಿಕೊಂಡು, ವರ್ಷಗಳ ನಂತರ ತೆಗೆಯಲು ಹೋದಾಗ ಸ್ಕ್ರೂವಿನ ತಲೆಯೇ ಸವೆದು ವೈದ್ಯರು ಪಡಬಾರದ ಪಾಡು ಪಡುತ್ತಾರೆ. ಅದಕ್ಕಾಗಿಯೇ 3.5 ಮಿ.ಮೀ. ಲಾಕಿಂಗ್ ಸ್ಕ್ರೂಗಳಿಗೆ 1.5 ನ್ಯೂಟನ್ ಮೀಟರ್‌ಗೆ ತಾನೇ ಜಾರುವ ಟಾರ್ಕ್ ಲಿಮಿಟರ್ ಬಳಸುವ ಪದ್ಧತಿ ಬಂದಿದೆ.

ಕೃತಕ ಕೀಲುಗಳಲ್ಲಿ ಉಜ್ಜಾಟವೇ ಮುಖ್ಯ ಸಂಗತಿ. ಅಲ್ಲಿ ಕೋಬಾಲ್ಟ್ ಕ್ರೋಮಿಯಂ ಅಥವಾ ಸೆರಾಮಿಕ್ ಗುಂಡು, ಅದರ ಎದುರಿಗೆ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟಲು ಸಾಮಾನ್ಯ. ಟೈಟಾನಿಯಂ ಉಜ್ಜಾಟದಲ್ಲಿ ಬೇಗ ಗೀಚಿಹೋಗುವುದರಿಂದ ಕೀಲಿನ ಗುಂಡಿಗೆ ಅದನ್ನು ಬಳಸುವುದಿಲ್ಲ.

ಪ್ಲೇಟನ್ನು ದಪ್ಪ ಮಾಡಿಬಿಟ್ಟರೆ ಮುರಿಯುವ ಪ್ರಶ್ನೆಯೇ ಇರುವುದಿಲ್ಲ ಅಲ್ವಾ?

ಬಾಗುವಿಕೆಯ ಬಿಗುಪು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 3.5 ಮಿ.ಮೀ. ದಪ್ಪದ ಪ್ಲೇಟನ್ನು 4 ಮಿ.ಮೀ. ಮಾಡಿದರೆ ಬಿಗುಪು ಸುಮಾರು ಒಂದೂವರೆ ಪಟ್ಟಾಗುತ್ತದೆ. ಲೆಕ್ಕದ ಹಾಳೆಯ ಮೇಲೆ ಇದು ಲಾಭವಾಗಿ ಕಾಣುತ್ತದೆ. ಆದರೆ ಮೂಳೆ ಜೀವಂತ ವಸ್ತು, ಹೊರೆ ಹೊತ್ತಷ್ಟೂ ಗಟ್ಟಿಯಾಗುತ್ತದೆ, ಹೊರೆ ತಪ್ಪಿದರೆ ಕರಗುತ್ತದೆ. ಹೊರೆಯನ್ನೆಲ್ಲ ಪ್ಲೇಟೇ ಹೊತ್ತುಕೊಂಡರೆ ಕೆಳಗಿನ ಮೂಳೆ ಸೊರಗುತ್ತದೆ. ಮುರಿತದ ಜಾಗದಲ್ಲಿ ಅಲ್ಪಸ್ವಲ್ಪ ಚಲನೆ ಇದ್ದರೆ ಮಾತ್ರ ಹೊಸ ಮೂಳೆಯ ಗಂಟು ಕಟ್ಟಿಕೊಳ್ಳುವ ಸಂದರ್ಭಗಳೂ ಬಹಳ ಇವೆ. ಇದರ ಜೊತೆಗೆ ಕಣಕಾಲಿನ ಒಳಬದಿಯಂಥ ಕಡೆ ಚರ್ಮ ಮತ್ತು ಮೂಳೆಯ ನಡುವೆ ಮಾಂಸವೇ ಇಲ್ಲ. ಅಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೂ ಸಾಕ್ಸ್ ಉಜ್ಜಿದಾಗ ರೋಗಿಗೆ ಗೊತ್ತಾಗುತ್ತದೆ.

ಪ್ಲೇಟಿನ ಬಾಳು ಮತ್ತು ಮೂಳೆ ಕೂಡುವ ವೇಗದ ನಡುವೆ ಒಂದು ಓಟದ ಪಂದ್ಯವಿದೆ. ಮೂಳೆ ಮೊದಲು ಕೂಡಿದರೆ ಪ್ಲೇಟಿನ ಹೊರೆ ಇಳಿಯುತ್ತದೆ. ಕೂಡದೇ ಹೋದರೆ ಎಷ್ಟೇ ದಪ್ಪದ ಪ್ಲೇಟೂ ಒಂದಲ್ಲ ಒಂದು ದಿನ ಲೋಹದ ದಣಿವಿನಿಂದ, ಅಂದರೆ ಎಲ್ಲರೂ ಫಟೀಗ್ ಎನ್ನುವುದರಿಂದ, ಮುರಿಯುತ್ತದೆ. ವಿನ್ಯಾಸಕರು ಕೇಳಿಕೊಳ್ಳಬೇಕಾದ್ದು ಪ್ಲೇಟು ಎಷ್ಟು ಕಾಲ, ಎಷ್ಟು ಹೊರೆಯಲ್ಲಿ, ಯಾವ ಮೂಳೆಯ ಮೇಲೆ ತಡೆಯಬೇಕು ಎಂಬುದನ್ನು.

ಲಾಕಿಂಗ್ ಸ್ಕ್ರೂ ಅಂದರೆ ಹೆಚ್ಚು ಗಟ್ಟಿ ಹಿಡಿತದ ಸ್ಕ್ರೂ ಅಂತ ತಿಳಿದಿದ್ದೆ. ಸರಿಯಾ?

ಪೂರ್ತಿ ಸರಿಯಲ್ಲ. ಸಾಮಾನ್ಯ ಸ್ಕ್ರೂ ಪ್ಲೇಟನ್ನು ಮೂಳೆಗೆ ಒತ್ತಿ ಹಿಡಿಯುತ್ತದೆ, ಅಲ್ಲಿ ಹಿಡಿತ ಬರುವುದು ಘರ್ಷಣೆಯಿಂದ. ಲಾಕಿಂಗ್ ಸ್ಕ್ರೂವಿನ ತಲೆಯಲ್ಲೂ ಮರೆ ಇದ್ದು ಅದು ಪ್ಲೇಟಿನ ತೂತಿಗೇ ಕಚ್ಚಿಕೊಳ್ಳುವುದರಿಂದ ಪ್ಲೇಟು ಮತ್ತು ಸ್ಕ್ರೂ ಸೇರಿ ಒಂದೇ ಚೌಕಟ್ಟಿನಂತೆ ನಿಲ್ಲುತ್ತವೆ. ವಯಸ್ಸಾದವರ ಟೊಳ್ಳು ಮೂಳೆಯಲ್ಲಿ ಇದು ದೊಡ್ಡ ವರದಾನ.

3.5 ಮಿ.ಮೀ. ಅಳತೆಯನ್ನೇ ತೆಗೆದುಕೊಂಡು ಲೆಕ್ಕ ನೋಡೋಣ. ಗಟ್ಟಿ ಮೂಳೆಯ ಸಾಮಾನ್ಯ ಸ್ಕ್ರೂವಿನ ತಿರುಳು 2.4 ಮಿ.ಮೀ., ಮರೆಯ ಅಂತರ 1.25 ಮಿ.ಮೀ. ಲಾಕಿಂಗ್ ಸ್ಕ್ರೂವಿನ ತಿರುಳು 2.9 ಮಿ.ಮೀ., ಮರೆಯ ಅಂತರ 0.8 ಮಿ.ಮೀ. ತಿರುಚುವಿಕೆಗೆ ತಡೆಯುವ ಶಕ್ತಿ ತಿರುಳಿನ ವ್ಯಾಸದ ಘನವನ್ನು ಅವಲಂಬಿಸುವುದರಿಂದ ಲಾಕಿಂಗ್ ಸ್ಕ್ರೂ ಸುಮಾರು 1.76 ಪಟ್ಟು ಬಲವಾಗಿದೆ. ಆದರೆ ಮೂಳೆಯಿಂದ ಕಿತ್ತುಬರುವ ಬಲ ಮುಖ್ಯವಾಗಿ ಹೊರವ್ಯಾಸವನ್ನು ಅವಲಂಬಿಸುತ್ತದೆ, ಅದು ಎರಡರಲ್ಲೂ ಒಂದೇ. ಮರೆಯ ಆಕಾರದ ಗುಣಾಂಕವನ್ನು 0.5ಕ್ಕೆ, ಮರೆಯ ಆಳವನ್ನು ಅಂತರದಿಂದ ಭಾಗಿಸಿ 0.577ರಿಂದ ಗುಣಿಸಿದ್ದನ್ನು ಕೂಡಿಸಿ ಪಡೆಯುತ್ತೇವೆ. ಸಾಮಾನ್ಯ ಸ್ಕ್ರೂವಿಗೆ ಅದು 0.754, ಲಾಕಿಂಗ್‌ಗೆ 0.716. ಅಂದರೆ ನೇರವಾಗಿ ಎಳೆದರೆ ಲಾಕಿಂಗ್ ಸ್ಕ್ರೂವಿನ ಹಿಡಿತ ಶೇ. 5ರಷ್ಟು ಕಡಿಮೆಯೇ. ಅದರ ಲಾಭ ಇರುವುದು ಸ್ಕ್ರೂಗಳು ಒಂದೊಂದಾಗಿ ಸಡಿಲವಾಗದೆ ಎಲ್ಲವೂ ಒಟ್ಟಾಗಿ ಹೊರೆ ಹಂಚಿಕೊಳ್ಳುವುದರಲ್ಲಿ. ಒಂಟಿ ಸ್ಕ್ರೂ ಎಳೆಯುವ ಪರೀಕ್ಷೆಯಲ್ಲಿ ಆ ಲಾಭ ಕಾಣಿಸುವುದೇ ಇಲ್ಲ. ಯಾವ ಪರೀಕ್ಷೆಯೂ ನೀವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ ಎಂಬುದು ನನಗೆ ಮೊದಲು ಮನದಟ್ಟಾದದ್ದು ಈ ಎರಡು ಸ್ಕ್ರೂಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.

ಡಾಕ್ಟರ್ "ಇದು ಕೈಗೆ ಸರಿ ಕೂರಲ್ಲಮ್ಮ" ಅಂದುಬಿಟ್ಟರು. ಅದನ್ನು ಡ್ರಾಯಿಂಗ್‌ಗೆ ಹೇಗೆ ತರುವುದು?

ವೈದ್ಯರ ಮಾತು ಒಂದು ಅಗತ್ಯ. ನಿಮಗೆ ಬೇಕಾದ್ದು ಅಳೆಯಬಹುದಾದ ಒಂದು ಷರತ್ತು. ಎರಡರ ನಡುವಿನ ದಾರಿಯನ್ನು ಪ್ರಶ್ನೆ ಕೇಳಿಯೇ ಸವೆಸಬೇಕು. ಯಾವಾಗ ಜಾರುತ್ತದೆ? ಗ್ಲೌಸ್ ಒದ್ದೆಯಾದಾಗಲೇ? ಎಡಗೈಯಲ್ಲಿ ಹಿಡಿದಾಗಲೇ? ಕೊನೆಯ ಎರಡು ಸುತ್ತು ಬಿಗಿಯುವಾಗಲೇ? ಒಬ್ಬ ಹಿರಿಯ ಶಸ್ತ್ರವೈದ್ಯರು ಒಂದು ಸ್ಕ್ರೂಡ್ರೈವರ್ ಬಗ್ಗೆ ಹೀಗೇ ಹೇಳಿದಾಗ ನಾವು ಹಿಡಿಯ ರಬ್ಬರನ್ನೇ ಬದಲಿಸಲು ಹೊರಟಿದ್ದೆವು. ಅವರ ಅನುಮತಿ ಪಡೆದು ಥಿಯೇಟರಿನಲ್ಲಿ ಸೀಸದ ಏಪ್ರನ್ ತೊಟ್ಟು ಮೂಲೆಯಲ್ಲಿ ನಿಂತು ನೋಡಿದಾಗ ತಿಳಿದದ್ದೇ ಬೇರೆ: ಡ್ರೈವರಿನ ತುದಿ ಸ್ಕ್ರೂವಿನ ಗುಳಿಯಲ್ಲಿ ಅಲ್ಲಾಡುತ್ತಿತ್ತು, ಆ ಅಲ್ಲಾಟವನ್ನು ಅವರ ಅಂಗೈ "ಹಿಡಿ ಸರಿಯಿಲ್ಲ" ಎಂದು ಓದಿಕೊಂಡಿತ್ತು. ಕೊನೆಗೆ ಬದಲಾದದ್ದು ತುದಿಯ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಬಿಟ್ಟುಕೊಡುವ ಏರುಪೇರಿನ ಮಿತಿ. ಒಂದು ಬಾರಿಯಾದರೂ ಥಿಯೇಟರಿನೊಳಗೆ ನಿಂತು ನೋಡುವ ಅವಕಾಶವನ್ನು ಕೇಳಿ ಪಡೆಯಿರಿ. ನೀಲಿ ಬಟ್ಟೆ ಹೊದಿಸಿದ ಯಾವುದನ್ನೂ ಮುಟ್ಟಬೇಡಿ.

ಪರೀಕ್ಷೆಯ ಪ್ರಶ್ನೆಗಳು

ಯಾವ ಸಾಧನಕ್ಕೆ ಯಾವ ಸ್ಟ್ಯಾಂಡರ್ಡ್ ಓದಬೇಕು?

ಮೂಳೆ ಪ್ಲೇಟಿಗೆ ಅಮೆರಿಕ ಮೂಲದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಎಫ್ 382, ಸ್ಕ್ರೂವಿಗೆ ಎಫ್ 543, ತೊಡೆಮೂಳೆಯೊಳಗಿನ ನೇಲ್‌ಗೆ ಎಫ್ 1264, ಬೆನ್ನುಮೂಳೆಯ ಸ್ಕ್ರೂ ರಾಡುಗಳ ಜೋಡಣೆಗೆ ಎಫ್ 1717. ಕೃತಕ ಸೊಂಟದ ಕಾಂಡಕ್ಕೆ (ತೊಡೆಮೂಳೆಯೊಳಗೆ ಇಳಿಯುವ ಭಾಗಕ್ಕೆ) ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದ 7206, ಸೊಂಟದ ಸವೆತಕ್ಕೆ 14242, ಮಂಡಿಯ ಸವೆತಕ್ಕೆ 14243. ದೇಹಕ್ಕೆ ಹೊಂದಿಕೆಯಾಗುತ್ತದೆಯೇ ಎಂಬುದಕ್ಕೆ ಐಎಸ್‌ಒ 10993ರ ಸರಣಿ ಇದೆ, ಅದು ಬಹುಪಾಲು ಹೊರಗಿನ ಪ್ರಯೋಗಾಲಯಗಳ ಕೆಲಸ. ಇವೆಲ್ಲ ದುಡ್ಡು ಕೊಟ್ಟು ಕೊಳ್ಳಬೇಕಾದ ದಾಖಲೆಗಳಾದ್ದರಿಂದ ಸಂಸ್ಥೆಯ ಪ್ರತಿಯನ್ನೇ ಓದಿ. ಪರೀಕ್ಷೆ ಹೇಗೆ ಮಾಡಬೇಕೆಂಬುದನ್ನು ಇವು ಹೇಳುತ್ತವೆ, ಎಷ್ಟು ಬಂದರೆ ಪಾಸು ಎಂಬುದನ್ನು ಬಹಳ ಕಡೆ ಹೇಳುವುದಿಲ್ಲ. ಆ ಗಡಿಯನ್ನು ಕಾರಣಸಹಿತ ನಿಗದಿಪಡಿಸುವುದು ತಯಾರಕರ ಹೊಣೆ, ಮತ್ತು ಅದನ್ನು ಪರೀಕ್ಷೆಗೆ ಮೊದಲೇ ಬರೆದಿಡಬೇಕು.

ಮನುಷ್ಯರ ಮೂಳೆ ಬಿಟ್ಟು ಫೋಮ್‌ಗೆ ಸ್ಕ್ರೂ ಹಾಕಿ ಎಳೆಯುತ್ತೀರಲ್ಲ, ಅದರಿಂದ ಏನು ಗೊತ್ತಾಗುತ್ತದೆ?

ಎರಡು ಸ್ಕ್ರೂಗಳಲ್ಲಿ ಯಾವುದು ಮೇಲು ಎಂಬುದು ಗೊತ್ತಾಗುತ್ತದೆ. ನಿಮ್ಮ ಅಜ್ಜಿಯ ಮೂಳೆಯಲ್ಲಿ ಆ ಸ್ಕ್ರೂ ಎಷ್ಟು ಬಲಕ್ಕೆ ಕಿತ್ತುಬರುತ್ತದೆ ಎಂಬುದು ಗೊತ್ತಾಗುವುದಿಲ್ಲ. ದಾನವಾಗಿ ಬಂದ ಮೂಳೆಗಳು ಒಂದರಂತೆ ಒಂದಿರುವುದಿಲ್ಲ. ಸ್ಕ್ರೂಗಳ ವ್ಯತ್ಯಾಸ ಮೂಳೆಗಳ ವ್ಯತ್ಯಾಸದಲ್ಲಿ ಮುಚ್ಚಿಹೋಗುತ್ತದೆ. ಎಎಸ್‌ಟಿಎಂ ಎಫ್ 1839ರ ಪ್ರಕಾರ ತಯಾರಾದ ಪಾಲಿಯುರೆಥೇನ್ ಫೋಮ್ ಪ್ರತಿ ತುಂಡಿನಲ್ಲೂ ಒಂದೇ ಬಗೆಯಾಗಿರುತ್ತದೆ. ಗ್ರೇಡ್ 20 ಎಂದರೆ ಪ್ರತಿ ಘನ ಮೀಟರಿಗೆ ಸುಮಾರು 320 ಕಿಲೋಗ್ರಾಂ ಸಾಂದ್ರತೆ, ಗ್ರೇಡ್ 10 ಅದರ ಅರ್ಧ. ಟೊಳ್ಳು ಮೂಳೆಯಲ್ಲಿ ಬಳಸುವ ಸ್ಕ್ರೂವನ್ನು ಗ್ರೇಡ್ 20ರಲ್ಲಿ ಮಾತ್ರ ಎಳೆದು ನೋಡಿ ತೃಪ್ತರಾಗಬೇಡಿ.

ಪರೀಕ್ಷೆ ನೋಡಲು ಬಹಳ ಸದ್ದಿಲ್ಲದ್ದು. ಸ್ಕ್ರೂವನ್ನು 20 ಮಿ.ಮೀ. ಆಳಕ್ಕಿಳಿಸಿ ನಿಮಿಷಕ್ಕೆ 5 ಮಿ.ಮೀ. ವೇಗದಲ್ಲಿ ಎಳೆದಾಗ ಪರದೆಯ ಮೇಲೆ ಗೆರೆ ನೇರವಾಗಿ ಏರುತ್ತದೆ, ತುದಿಯಲ್ಲಿ ಒಂದು ಕ್ಷಣ ತಡೆಯುತ್ತದೆ, ಇಳಿಯುತ್ತದೆ. ಹೊರಬಂದ ಸ್ಕ್ರೂವನ್ನು ಬೆಳಕಿಗೆ ಹಿಡಿಯಿರಿ. ಮರೆಗಳ ಸಂದಿನಲ್ಲಿ ಫೋಮಿನ ಪುಡಿ ಸಣ್ಣ ರವೆಯಂತೆ ಸಮನಾಗಿ ತುಂಬಿಕೊಂಡಿದ್ದರೆ ಫೋಮು ಮರೆಯ ಉದ್ದಕ್ಕೂ ಕತ್ತರಿಸಿ ಬಂದಿದೆ, ಪರೀಕ್ಷೆ ನೆಟ್ಟಗಾಗಿದೆ. ಒಂದೇ ಬದಿಯಲ್ಲಿ ತುಂಬಿದ್ದರೆ ಸ್ಕ್ರೂ ಓರೆಯಾಗಿ ಎಳೆಸಿಕೊಂಡಿದೆ, ಆ ಅಂಕಿಯನ್ನು ನಂಬುವ ಮೊದಲು ಮಾದರಿಯನ್ನು ಹಿಡಿದಿಡುವ ಫಿಕ್ಸ್‌ಚರ್ ನೋಡಿ.

ಹತ್ತು ಲಕ್ಷ ಸಲ ಯಾಕೆ ಬಾಗಿಸಬೇಕು? ಎಷ್ಟು ದಿನ ಹಿಡಿಯುತ್ತದೆ?

ದಿನಕ್ಕೆ 5,000 ಹೆಜ್ಜೆ ನಡೆಯುವವರ ಒಂದೊಂದು ಕಾಲಿಗೆ 2,500 ಹೆಜ್ಜೆ ಬರುತ್ತದೆ. ಮೂಳೆ ಕೂಡಲು ನಾಲ್ಕು ತಿಂಗಳು ಎಂದರೆ 3 ಲಕ್ಷ ಹೆಜ್ಜೆ. ಹತ್ತು ಲಕ್ಷ ಎನ್ನುವುದು ಅಂಥವರ ಸುಮಾರು 400 ದಿನಗಳ ನಡಿಗೆ, ಮೂಳೆ ತಡವಾಗಿ ಕೂಡುವವರನ್ನೂ ಇದು ಒಳಗೊಳ್ಳುತ್ತದೆ. ಸೆಕೆಂಡಿಗೆ 5 ಆವರ್ತದಂತೆ ಓಡಿಸಿದರೆ ಹತ್ತು ಲಕ್ಷಕ್ಕೆ ಹೆಚ್ಚುಕಡಿಮೆ 55 ಗಂಟೆ 30 ನಿಮಿಷ ಬೇಕು. ಕೃತಕ ಸೊಂಟದ ಕಾಂಡ ಜೀವನಪೂರ್ತಿ ಇರಬೇಕಾದ್ದರಿಂದ ಐಎಸ್‌ಒ 7206ರ ನಾಲ್ಕನೇ ಭಾಗದಲ್ಲಿ 50 ಲಕ್ಷ ಆವರ್ತ, ಅದರ ಕತ್ತಿನ ಭಾಗಕ್ಕೆ ಆರನೇ ಭಾಗದಲ್ಲಿ 1 ಕೋಟಿ ಆವರ್ತ ಕೇಳುತ್ತಾರೆ.

ಒಂದು ಪ್ರಾಯೋಗಿಕ ಮಾತು: ನಮ್ಮಲ್ಲಿ ರಾತ್ರಿ ಕರೆಂಟು ಹೋಗುತ್ತದೆ. ಯುಪಿಎಸ್ ಇದ್ದರೂ ಯಂತ್ರ ನಿಂತಿದ್ದರೆ, ಎಷ್ಟನೆಯ ಆವರ್ತದಲ್ಲಿ ನಿಂತಿತು, ಹೊರೆ ಪೂರ್ತಿ ಇಳಿದಿತ್ತೇ, ಮತ್ತೆ ಯಾರು ಎಷ್ಟು ಗಂಟೆಗೆ ಶುರು ಮಾಡಿದರು ಎಂಬುದನ್ನು ಪುಸ್ತಕದಲ್ಲಿ ಬರೆಯಲೇಬೇಕು. ಬೆಳಗ್ಗೆ ಬಂದು ಸುಮ್ಮನೆ ಗುಂಡಿ ಒತ್ತಿ ಮುಂದುವರಿಸಿದರೆ ಆ ಮಾದರಿಯ ಬಗ್ಗೆ ನಿಮಗೆ ಏನೂ ತಿಳಿದಿಲ್ಲ ಎಂದೇ ಅರ್ಥ.

ಒಂದೇ ಪ್ಲೇಟು, ಒಂದೇ ಯಂತ್ರ, ಆದರೂ ರಿಸಲ್ಟ್ ಬೇರೆಬೇರೆ ಬರುತ್ತಿದೆ. ಏನು ಮಾಡಲಿ?

ಮೊದಲು ಲೋಹವನ್ನು ದೂರಬೇಡಿ, ನಿಮ್ಮ ಜೋಡಣೆಯನ್ನು ಅಳೆಯಿರಿ. ಇದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಪ್ಲೇಟನ್ನು ನಾಲ್ಕು ರೋಲರ್‌ಗಳ ನಡುವೆ ಬಾಗಿಸುವ ಪರೀಕ್ಷೆಯಲ್ಲಿ ಹೊರಗಿನ ಮತ್ತು ಒಳಗಿನ ರೋಲರ್‌ಗಳ ನಡುವಿನ ಅಂತರವನ್ನು ಎಚ್ ಎನ್ನುತ್ತೇವೆ, ಒಳಗಿನ ಎರಡರ ನಡುವಿನದನ್ನು ಕೆ ಎನ್ನುತ್ತೇವೆ. ರಚನಾ ಬಿಗುಪಿನ ಸೂತ್ರದಲ್ಲಿ ಎರಡು ಎಚ್ ಮತ್ತು ಮೂರು ಕೆಗಳ ಮೊತ್ತವನ್ನು ಎಚ್‌ನ ವರ್ಗದಿಂದಲೂ ಹೊರೆ ರೇಖೆಯ ಇಳಿಜಾರಿನಿಂದಲೂ ಗುಣಿಸಿ 12ರಿಂದ ಭಾಗಿಸಬೇಕು. ಹಿಂದಿನ ದಿನ ಬೇರೆ ಪ್ಲೇಟಿಗೆಂದು ನಾನೇ ರೋಲರ್‌ಗಳನ್ನು ಸರಿಸಿ ಎಚ್ ಅನ್ನು 40 ಮಿ.ಮೀ.ಗೆ ತಂದಿದ್ದೆ. ಮರುದಿನ ಲೆಕ್ಕದ ಹಾಳೆಯಲ್ಲಿ ಫಿಕ್ಸ್‌ಚರ್ ಡ್ರಾಯಿಂಗ್‌ನಲ್ಲಿದ್ದ 42ನ್ನೇ ಬಿಟ್ಟೆ. ಕೆ 40 ಇದ್ದಾಗ ಈ 2 ಮಿ.ಮೀ. ತಪ್ಪು ಬಿಗುಪನ್ನು ಶೇ. 12ರಷ್ಟು ಹೆಚ್ಚಿಸಿ ತೋರಿಸುತ್ತದೆ. ಹೊಸ ಬ್ಯಾಚು ಹಳೆಯದಕ್ಕಿಂತ ಚೆನ್ನಾಗಿದೆ ಎಂದು ಖುಷಿಯಿಂದ ವರದಿ ಬರೆದುಕೊಂಡು ಹೋದೆ. ನನ್ನ ಮಾರ್ಗದರ್ಶಕರು ವರದಿಯನ್ನು ಓದಲಿಲ್ಲ. ಮೈಕ್ರೋಮೀಟರ್ ತೆಗೆದು ಎರಡೂ ಬ್ಯಾಚಿನ ಪ್ಲೇಟುಗಳ ದಪ್ಪ ನೋಡಿದರು, ಒಂದೇ ಇತ್ತು. ಆಮೇಲೆ ಏನೂ ಮಾತಾಡದೆ ವರ್ನಿಯರ್ ನನ್ನ ಕೈಗಿತ್ತು ರೋಲರ್‌ಗಳ ಕಡೆ ನೋಡಿದರು.

ಅಂದಿನಿಂದ ಪ್ರತಿ ಪರೀಕ್ಷೆಯ ಮೊದಲು ಮತ್ತು ನಂತರ ಅಂತರಗಳನ್ನು ಅಳೆದು, ವರ್ನಿಯರ್ ಓದುವಿಕೆಯ ಫೋಟೋ ತೆಗೆದಿಡುತ್ತೇನೆ. ರೋಲರ್ ಸವೆದಿದೆಯೇ, ಪ್ಲೇಟಿನ ತೂತು ಸರಿಯಾಗಿ ರೋಲರಿನ ಕೆಳಗೆ ಬಂದು ಅಂಕಿ ಕೆಡಿಸುತ್ತಿದೆಯೇ, ಹೊರೆ ಅಳೆಯುವ ಲೋಡ್ ಸೆಲ್‌ನ ಮಾಪನಾಂಕ ನಿರ್ಣಯದ ಗಡುವು ಮುಗಿದಿದೆಯೇ ಎಂಬುದನ್ನೂ ನೋಡಿ. ಇವೆಲ್ಲ ಸರಿಯಿದ್ದ ಮೇಲೂ ಉಳಿಯುವ ಏರುಪೇರು ಮಾತ್ರ ವಸ್ತುವಿನದ್ದು.

ಮಾದರಿ ಮೊದಲೇ ಮುರಿದುಹೋಯಿತು. ಗೈಡ್‌ಗೆ ಹೇಳಲು ಭಯ. ಇನ್ನೊಂದು ಹಾಕಿ ಓಡಿಸಲೇ?

ಓಡಿಸಬೇಡಿ, ಅದೇ ದಿನ ಹೇಳಿ. ಮುರಿದ ಮುಖಗಳನ್ನು ಬೆರಳಿನಿಂದ ಮುಟ್ಟದೆ, ಎರಡು ತುಂಡನ್ನು ಒಂದಕ್ಕೊಂದು ಜೋಡಿಸಿ ನೋಡುವ ಆಸೆಗೆ ಬೀಳದೆ, ಬೇರೆಬೇರೆ ಕವರಿನಲ್ಲಿ ಹೆಸರು ಬರೆದಿಡಿ. ಸೂಕ್ಷ್ಮದರ್ಶಕದಲ್ಲಿ ಕಡಲತೀರದ ಅಲೆಗುರುತಿನಂಥ ಗೆರೆಗಳು ಒಂದು ಬಿಂದುವಿನಿಂದ ಹರಡಿರುವುದು ಕಾಣುತ್ತದೆ, ಬಿರುಕು ಹುಟ್ಟಿದ್ದು ಆ ಬಿಂದುವಿನಲ್ಲಿ. ಅಲ್ಲಿ ಲೇಸರ್‌ನಿಂದ ಬರೆದ ಬ್ಯಾಚ್ ಸಂಖ್ಯೆಯ ಅಕ್ಷರವಿದ್ದರೆ, ಗುರುತು ಹಾಕುವ ಜಾಗ ತಪ್ಪಿದೆ ಎಂದು ಆ ತುಂಡೇ ಹೇಳುತ್ತಿರುತ್ತದೆ. ನೀವು ಅದನ್ನು ಕಸದ ಬುಟ್ಟಿಗೆ ಹಾಕಿ ಹೊಸದನ್ನು ಓಡಿಸಿದರೆ, ಅದೇ ಬಿರುಕು ಯಾರದ್ದೋ ತೊಡೆಯೊಳಗೆ ಹುಟ್ಟಬಹುದು.

ಅನ್ಸಿಸ್‌ನಲ್ಲಿ ಎಲ್ಲ ತೋರಿಸಬಹುದಲ್ಲ, ಇಷ್ಟು ಪ್ಲೇಟು ಮುರಿಯುವುದು ಯಾಕೆ?

ಅನ್ಸಿಸ್‌ನಂಥ ತಂತ್ರಾಂಶದಲ್ಲಿ ಕಟ್ಟಿದ ಕಂಪ್ಯೂಟರ್ ಮಾದರಿ ಹತ್ತು ವಿನ್ಯಾಸಗಳಲ್ಲಿ ಎಂಟನ್ನು ಲೋಹ ಕತ್ತರಿಸುವ ಮೊದಲೇ ಕೈಬಿಡಲು ನೆರವಾಗುತ್ತದೆ, ಅದು ದೊಡ್ಡ ಉಪಕಾರ. ಆದರೆ ಮೂಳೆಯ ಬಿಗುಪು, ಸ್ಕ್ರೂ ಮತ್ತು ಪ್ಲೇಟಿನ ನಡುವಿನ ಘರ್ಷಣೆ, ಹೊರೆಯ ದಿಕ್ಕು ಇವೆಲ್ಲ ನೀವು ಕೊಟ್ಟ ಊಹೆಗಳು. ಬಣ್ಣದ ಚಿತ್ರದಲ್ಲಿ ಊಹೆ ಯಾವುದು, ತಿಳಿವು ಯಾವುದು ಎಂದು ಗುರುತಿರುವುದಿಲ್ಲ. ಮೆಷ್, ಅಂದರೆ ಲೆಕ್ಕಕ್ಕಾಗಿ ಆಕಾರವನ್ನು ಒಡೆದ ತುಂಡುಗಳ ಜಾಲ, ಸಣ್ಣದು ಮಾಡಿದಂತೆ ಅಂಕಿ ಬದಲಾಗುತ್ತಲೇ ಇದ್ದರೆ ಆ ಅಂಕಿ ಇನ್ನೂ ಬಳಕೆಗೆ ಬಂದಿಲ್ಲ. ಮೊದಲು ಸರಳ ಬಾಗು ಪರೀಕ್ಷೆಯ ಫಲಿತಾಂಶಕ್ಕೆ ಮಾದರಿಯನ್ನು ಹೋಲಿಸಿ, ಹೊಂದಿದ ಮೇಲೆ ಮುಂದಕ್ಕೆ ಹೋಗಿ. ಯಾವ ನಿರ್ಧಾರಕ್ಕೆ ಎಷ್ಟು ನಂಬಿಕೆಯ ಮಾದರಿ ಬೇಕು ಎಂಬುದನ್ನು ತೂಗುವ ಕ್ರಮ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಎಎಸ್‌ಎಂಇಯ 2018ರ ವಿ ಅಂಡ್ ವಿ 40 ಮಾನದಂಡದಲ್ಲಿದೆ.

ಮುಂದುವರಿದ ಪ್ರಶ್ನೆಗಳು

ನಮ್ಮ ದೇಶದಲ್ಲಿ ಇದಕ್ಕೆಲ್ಲ ಕಾನೂನು ಏನಿದೆ?

2017ರ ವೈದ್ಯಕೀಯ ಸಾಧನ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿವೆ. ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ದೇಹದೊಳಗೆ ಬಹುಕಾಲ ಉಳಿಯುವ ಮೂಳೆ ಇಂಪ್ಲಾಂಟ್‌ಗಳು ಸಾಮಾನ್ಯವಾಗಿ ಸಿ ವರ್ಗಕ್ಕೆ ಬೀಳುತ್ತವೆ. ಅವುಗಳ ತಯಾರಿಕೆಗೆ ಪರವಾನಗಿ ಕೊಡುವುದು ಕೇಂದ್ರದ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ. ಎ ಮತ್ತು ಬಿ ವರ್ಗದವಕ್ಕೆ ರಾಜ್ಯದ ಪ್ರಾಧಿಕಾರ. ಗುಣಮಟ್ಟ ವ್ಯವಸ್ಥೆಗೆ ನಿಯಮಗಳ ಐದನೇ ಅನುಸೂಚಿ, ಅಂತರರಾಷ್ಟ್ರೀಯವಾಗಿ ಐಎಸ್‌ಒ 13485. ಅಪಾಯ ನಿರ್ವಹಣೆಗೆ ಐಎಸ್‌ಒ 14971. ಬಳಕೆಯಲ್ಲಿರುವ ಸಾಧನಗಳಿಂದ ಆದ ತೊಂದರೆಗಳನ್ನು ದಾಖಲಿಸಲು 2015ರಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ನಡೆಯುತ್ತಿದೆ. ಇಂಟರ್ನ್ ಆದವರು 14971ರ ಕೋಷ್ಟಕ ತುಂಬುವ ಸಭೆಯಲ್ಲಿ ಒಮ್ಮೆಯಾದರೂ ಕೂರಬೇಕು. ಏನೇನು ಕೆಡಬಹುದು ಎಂದು ಹತ್ತು ಅನುಭವಿಗಳು ಒಟ್ಟಿಗೆ ಯೋಚಿಸುವುದನ್ನು ಬೇರೆಲ್ಲೂ ಕಾಣಲಾರಿರಿ.

ಎಲ್ಲ ಪರೀಕ್ಷೆ ಪಾಸಾದ ಸಾಧನವೂ ರೋಗಿಯಲ್ಲಿ ವಿಫಲವಾಗುತ್ತದೆಯೇ?

ಆಗುತ್ತದೆ, ಇತಿಹಾಸದಲ್ಲಿ ಆಗಿದೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಬಟ್ಟಲಿಗೆ ಪಿಟಿಎಫ್‌ಇ ಬಳಸಿದರು. ಅಡುಗೆಮನೆಯ ಬಾಣಲೆಗೆ ಲೇಪಿಸುವ ಆ ನುಣುಪಾದ ಪ್ಲಾಸ್ಟಿಕ್ಕಿನ ಘರ್ಷಣೆ ಅತ್ಯಂತ ಕಡಿಮೆ, ಅವರು ಹುಡುಕುತ್ತಿದ್ದದ್ದೂ ಅದನ್ನೇ. ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದು, ಆ ಪುಡಿಗೆ ಸುತ್ತಲಿನ ಅಂಗಾಂಶ ಕೆರಳಿತು. ನೂರಾರು ರೋಗಿಗಳಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತು. ಅವರು ಘರ್ಷಣೆಯನ್ನು ಕೇಳಿದ್ದರು, ಸವೆತವನ್ನು ಸಾಕಷ್ಟು ಕೇಳಿರಲಿಲ್ಲ. 1962ರಲ್ಲಿ ಅವರ ಕಾರ್ಯಾಗಾರದ ತಂತ್ರಜ್ಞ ಹ್ಯಾರಿ ಕ್ರೇವನ್ ಹೊಸದೊಂದು ಪಾಲಿಎಥಿಲೀನ್ ತುಂಡನ್ನು ಸವೆತದ ಯಂತ್ರಕ್ಕೆ ಹಾಕಿದರು. ಮೂರು ವಾರ ಹಗಲಿರುಳು ಓಡಿಸಿದರೂ ಅದು ಪಿಟಿಎಫ್‌ಇ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ. ಅಂದಿನಿಂದ ಇಂದಿನವರೆಗೆ ಕೃತಕ ಕೀಲುಗಳ ಬಟ್ಟಲು ಬಹುಪಾಲು ಅದೇ ವಂಶದ್ದು. ಹೆಸರು ಚಾರ್ನ್‌ಲಿಯವರದ್ದು ನಿಂತಿತು, ನನಗೆ ಮಾತ್ರ ಕ್ರೇವನ್ ಅವರ ಯಂತ್ರವೇ ಮತ್ತೆ ಮತ್ತೆ ನೆನಪಾಗುತ್ತದೆ.

ಹತ್ತಿರದ ಉದಾಹರಣೆ, ಲೋಹದ ಗುಂಡಿಗೆ ಲೋಹದ ಬಟ್ಟಲು ಇದ್ದ ಎಎಸ್‌ಆರ್ ಸೊಂಟದ್ದು. ಜಗತ್ತಿನಾದ್ಯಂತ ಸುಮಾರು 93,000 ಜನರಿಗೆ ಅಳವಡಿಸಿದ ಮೇಲೆ 2010ರ ಆಗಸ್ಟ್‌ನಲ್ಲಿ ಅದನ್ನು ಹಿಂಪಡೆಯಲಾಯಿತು. ಬಟ್ಟಲು ಅರ್ಧಗೋಳಕ್ಕಿಂತ ಆಳ ಕಡಿಮೆಯಿದ್ದುದರಿಂದ, ಅದನ್ನು ಸ್ವಲ್ಪ ಕಡಿದಾಗಿ ಕೂರಿಸಿದರೂ ಹೊರೆ ಅಂಚಿನ ಮೇಲೆ ಬಿದ್ದು ಲೋಹದ ಕಣಗಳು ಉದುರುತ್ತಿದ್ದವು. ಬಟ್ಟಲು ಸರಿಯಾದ ಕೋನದಲ್ಲಿ ಕೂತಿದೆ ಎಂದು ಭಾವಿಸಿ ಓಡಿಸಿದ ಯಂತ್ರದಲ್ಲಿ ಅಂಥ ಸವೆತ ಕಾಣುವುದಿಲ್ಲ. ನೀವು ಪರೀಕ್ಷೆ ರೂಪಿಸುವಾಗ ಶಸ್ತ್ರವೈದ್ಯರ ಕೈ ಐದು, ಹತ್ತು ಡಿಗ್ರಿ ಆಚೀಚೆ ಆದಾಗ ಏನಾಗುತ್ತದೆ ಎಂಬುದನ್ನೂ ಸೇರಿಸಲು ಕೇಳಿ. ಇಂಟರ್ನ್ ಕೇಳಬಾರದ ಪ್ರಶ್ನೆಯೇನೂ ಅದಲ್ಲ.

ತ್ರೀಡಿ ಪ್ರಿಂಟ್ ಮಾಡಿದ ಇಂಪ್ಲಾಂಟ್ ಮೇಲೆ ಪ್ರಾಜೆಕ್ಟ್ ಮಾಡಬಹುದಾ?

ಮಾಡಬಹುದು. ಮೂಳೆ ಒಳಬೆಳೆಯುವಂಥ ರಂಧ್ರದ ಮೇಲ್ಮೈ ಬೇಕಾದ ಕಡೆ ಅದಕ್ಕೆ ಸಾಟಿಯಿಲ್ಲ. ಆದರೆ ಪ್ರಿಂಟ್ ಆದ ಒರಟು ಮೇಲ್ಮೈ ಫಟೀಗ್ ಬಲವನ್ನು ಬಹಳ ಇಳಿಸುತ್ತದೆ, ರಂಧ್ರಗಳಲ್ಲಿ ಕರಗದ ಪುಡಿ ಸಿಕ್ಕಿಕೊಂಡಿರುತ್ತದೆ. ಆಕಾರದ ಚೆಂದವನ್ನು ಬಿಟ್ಟು, ಪುಡಿ ಪೂರ್ತಿ ಹೋಗಿದೆ ಎಂದು ಹೇಗೆ ಸಾಬೀತುಪಡಿಸುತ್ತೀರಿ ಎಂಬುದನ್ನೇ ಪ್ರಾಜೆಕ್ಟ್ ಮಾಡಿಕೊಂಡರೆ ಸಂಸ್ಥೆಗೂ ಉಪಯೋಗ, ನಿಮಗೂ.

ಕಂಪನಿ ಏನನ್ನೂ ಹೊರಗೆ ಹೇಳಬಾರದು ಅನ್ನುತ್ತದೆ, ಕಾಲೇಜಿನವರು ಪೂರ್ತಿ ರಿಪೋರ್ಟ್ ಕೇಳುತ್ತಾರೆ. ಏನು ಮಾಡಲಿ?

ಸೇರಿದ ಮೊದಲ ವಾರದಲ್ಲೇ ಇಬ್ಬರು ಮಾರ್ಗದರ್ಶಕರನ್ನೂ ಒಂದು ಪತ್ರದಲ್ಲಿ ಸೇರಿಸಿ, ಯಾವುದನ್ನು ಬರೆಯಬಹುದು ಎಂದು ಲಿಖಿತವಾಗಿ ಒಪ್ಪಿಸಿಕೊಳ್ಳಿ. ವಿಧಾನ, ಸ್ಟ್ಯಾಂಡರ್ಡ್, ಜೋಡಣೆಯ ಚಿತ್ರ ಸಾಮಾನ್ಯವಾಗಿ ಬರೆಯಬಹುದು. ಹೊರೆಯ ಅಂಕಿಗಳನ್ನು ನೇರವಾಗಿ ಕೊಡದೆ ಹಳೆಯ ವಿನ್ಯಾಸಕ್ಕೆ ಹೋಲಿಸಿದ ಅನುಪಾತವಾಗಿ ಕೊಟ್ಟರೆ ಎರಡೂ ಕಡೆಯವರು ಒಪ್ಪುತ್ತಾರೆ. ರೋಗಿಯ ಎಕ್ಸ್‌ರೇಯನ್ನು ಯಾವ ಕಾರಣಕ್ಕೂ ಫೋನಿನಲ್ಲಿ ಕ್ಲಿಕ್ಕಿಸಬೇಡಿ. ಮೂಲೆಯ ಹೆಸರನ್ನು ಅಳಿಸಿದರೂ ಮೂಲ ಫೈಲಿನೊಳಗೆ ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ ಉಳಿದಿರುತ್ತವೆ.

ನಮ್ಮ ಜನ ನೆಲದ ಮೇಲೆ ಕೂರುತ್ತಾರೆ, ಕುಕ್ಕರಗಾಲಲ್ಲಿ ಕೂರುತ್ತಾರೆ. ಮಂಡಿಯ ಪರೀಕ್ಷೆಗಳಲ್ಲಿ ಅದು ಇದೆಯೇ?

ನನಗೆ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಒಳ್ಳೆಯದು ಇದು. ಕೇಳಿದವರು ಶಿವಮೊಗ್ಗದ ಕಡೆಯ ಒಬ್ಬ ವಿದ್ಯಾರ್ಥಿನಿ, ಮಂಡಿ ಬದಲಿಸಿಕೊಂಡ ತನ್ನ ಅಜ್ಜಿ ಈಗ ರಂಗೋಲಿ ಹಾಕಲು ಕೂರಲಾರರು ಎಂದು ಹೇಳಿ ಈ ಪ್ರಶ್ನೆ ಕೇಳಿದರು. ಐಎಸ್‌ಒ 14243 ಮಂಡಿಯ ಸವೆತವನ್ನು ನಡಿಗೆಯ ಚಲನೆಯಲ್ಲಿ ನೋಡುತ್ತದೆ, ಅದರಲ್ಲಿ ಮಂಡಿ ಮಡಚುವುದು ಹೆಚ್ಚೆಂದರೆ 60 ಡಿಗ್ರಿಯ ಆಸುಪಾಸು. ಕುಕ್ಕರಗಾಲಿನಲ್ಲಿ ಕೂರಲು 130 ಡಿಗ್ರಿ ದಾಟಬೇಕು. ಅಷ್ಟು ಮಡಚಿದಾಗ ತೊಡೆಮೂಳೆಯ ಭಾಗ ಪಾಲಿಎಥಿಲೀನಿನ ಹಿಂಬದಿಯ ಅಂಚಿಗೆ ಸರಿದು, ಕಿರಿದಾದ ಜಾಗದ ಮೇಲೆ ಇಡೀ ಹೊರೆ ಬೀಳುತ್ತದೆ. ಚಕ್ಕಳಮಕ್ಕಳ ಹಾಕಿದಾಗ ಮಡಚುವುದರ ಜೊತೆಗೆ ತಿರುಚುವುದೂ ಸೇರುತ್ತದೆ.

ಹೆಚ್ಚು ಮಡಚಲೆಂದೇ ರೂಪಿಸಿದ ಮಂಡಿಗಳು ಬಂದಿವೆ. ಹಿಂಭಾಗದ ಉಬ್ಬನ್ನು ದಪ್ಪವಾಗಿಸಿ ಆಳದ ಮಡಿಕೆಯಲ್ಲೂ ಸಂಪರ್ಕದ ವಿಸ್ತಾರ ಉಳಿಯುವಂತೆ ಅವನ್ನು ಮಾಡಿದ್ದಾರೆ. ಆದರೂ 2007ರಲ್ಲಿ ದಕ್ಷಿಣ ಕೊರಿಯಾದ ಶಸ್ತ್ರವೈದ್ಯರು ಪ್ರಕಟಿಸಿದ ವರದಿಯಲ್ಲಿ ಅಂಥ 72 ಮಂಡಿಗಳ ಪೈಕಿ 27ರಲ್ಲಿ ತೊಡೆಮೂಳೆಯ ಕಡೆಯ ಭಾಗ ಬೇಗನೆ ಸಡಿಲಗೊಂಡಿತ್ತು, ಮತ್ತು ಕುಕ್ಕರಗಾಲಲ್ಲಿ ಕೂರಬಲ್ಲವರಲ್ಲೇ ಅದು ಹೆಚ್ಚಿತ್ತು. ಮಡಚಲು ಸಾಧ್ಯ ಎಂಬುದಕ್ಕೂ ಮಡಚಿ ಹೊರೆ ಹೊತ್ತರೆ ಹಿಡಿತ ಉಳಿಯುತ್ತದೆ ಎಂಬುದಕ್ಕೂ ಬೇರೆಬೇರೆ ಪರೀಕ್ಷೆ ಬೇಕು.

ಇಂಟರ್ನ್ ಆಗಿ ನೀವು ಇದರಲ್ಲಿ ಮಾಡಬಹುದಾದ ಕೆಲಸವಿದೆ. ಆ ವಿದ್ಯಾರ್ಥಿನಿಗೆ ನಾನು ಮೊದಲು ಹೇಳಿದ್ದು ಯಂತ್ರವನ್ನು ಮರೆತು, ಒಪ್ಪುವ ಹಿರಿಯರ ಅನುಮತಿ ಪಡೆದು, ರಂಗೋಲಿ ಹಾಕುವಾಗ, ಬಟ್ಟೆ ಒಗೆಯುವಾಗ, ಪೂಜೆಗೆ ಕೂತು ಏಳುವಾಗ ಮಂಡಿಯ ಕೋನ ಎಷ್ಟಿರುತ್ತದೆ, ಏಳುವಾಗ ಕೈ ಎಲ್ಲಿ ಊರುತ್ತಾರೆ ಎಂಬುದನ್ನು ಪಕ್ಕದಿಂದ ವಿಡಿಯೋ ತೆಗೆದು ಅಳೆಯಲು. ಮೂರು ವಾರದ ನಂತರ ಆಕೆ ಒಂದು ಕೋಷ್ಟಕ ಕಳಿಸಿದರು. ಕೂರುವುದಕ್ಕಿಂತ ಏಳುವ ಕ್ಷಣವೇ ಕಠಿಣ, ಆಗ ಎಲ್ಲರೂ ಒಂದು ಕೈಯನ್ನು ನೆಲಕ್ಕೂ ಇನ್ನೊಂದನ್ನು ಅದೇ ಮಂಡಿಯ ಮೇಲೂ ಊರುತ್ತಾರೆ ಎಂದು ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದರು. ಆ ಸಾಲನ್ನು ಹೊರೆಯ ದಿಕ್ಕಾಗಿ ಪರಿವರ್ತಿಸಿ ಫಿಕ್ಸ್‌ಚರಿನ ಮೊದಲ ಚಿತ್ರ ಬಿಡಿಸುವ ಕೆಲಸದಲ್ಲಿ ಈಗ ನಾವಿಬ್ಬರೂ ತೊಡಗಿದ್ದೇವೆ.